ಗುಡಿಸಿ ಗುಡಿಸಿ ಸವೆಸಿದ ಎಸ್‌ಎಸ್‌ಡಿ

ಲ್ಯಾಪ್‌ಟಾಪ್ ರಿಪೇರಿ ಕೆಲಸಕ್ಕೆ ಇಳಿಯಬೇಕೆಂದಿರುವ ಮೂವರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಮೂವರೂ ಡಿಪ್ಲೊಮಾ ಮುಗಿಸಿದವರು, ನನಗಿಂತ ಹೆಚ್ಚು ಓದಿಕೊಂಡವರು. "ಅಂಕಲ್, ಏನಾದರೂ ಟಿಪ್ಸ್ ಕೊಡಿ" ಎಂದರು. "ಗಿರಾಕಿ ಬಂದರೆ ಮೊದಲು ಕೂರಲು ಹೇಳಿ, ಫ್ಯಾನ್ ಹಾಕಿ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ಏನೋ ಗುಟ್ಟು ಬಚ್ಚಿಡುತ್ತಿದ್ದಾನೆ ಎಂದುಕೊಂಡಿರಬೇಕು. ಬಚ್ಚಿಡುವಂಥ ಗುಟ್ಟು ನನ್ನ ಹತ್ತಿರ ಇದ್ದದ್ದು ಒಂದೇ, ಅದು ನಾನು ಮಾಡಿದ ಒಂದು ತಪ್ಪು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ. ಆದರೆ ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋನಿನಲ್ಲಿ ತಳ್ಳಿಕೊಂಡು ಹೋದ ಹಾಗೆ ಬೆರಳಲ್ಲಿ ತಳ್ಳಬೇಡಿ, ನಿಧಾನವಾಗಿ ಓದಿ.

ನಾನು ಮಹದೇವ. ಚಾಮರಾಜನಗರದ ಒಂದೇ ಅಂಗಡಿಯಲ್ಲಿ ಮೂವತ್ತಮೂರು ವರ್ಷ ದುಡಿದೆ. ಸೇರಿದಾಗ ಟೈಪ್‌ರೈಟರ್ ಮೆಕ್ಯಾನಿಕ್, ಬಿಡುವಾಗ 'ಸೀನಿಯರ್ ಇಂಜಿನಿಯರ್'. ಈ ಬಡ್ತಿ ಹೇಗಾಯಿತು ಎಂದು ಕೇಳಬೇಡಿ. ಯಜಮಾನರು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿದ ದಿನ ಆಯಿತು, ಅಷ್ಟೇ. ಕೊನೆಯ ಎಂಟು ವರ್ಷ ಗುಂಡ್ಲುಪೇಟೆ ಶಾಖೆಯ ಪೂರ್ತಿ ಜವಾಬ್ದಾರಿ ನನ್ನದಾಗಿತ್ತು. ಶಾಖೆ ಎಂದರೆ ಬಸ್ ನಿಲ್ದಾಣದ ಎದುರಿನ ಮಹಡಿಯ ಒಂದು ಕೋಣೆ, ಒಂದು ಮೇಜು, ಒಂದು ಯುಪಿಎಸ್ ಮತ್ತು ನಾನು.

ನಮ್ಮ ಯಜಮಾನರು ಗುರುಸಿದ್ದಪ್ಪನವರು. ಹಣೆ ತುಂಬಾ ವಿಭೂತಿ, ಜೇಬಿನ ತುಂಬಾ ಸ್ಕ್ರೂ ಡ್ರೈವರು. ರೇಡಿಯೋ ರಿಪೇರಿಯಿಂದ ಮೇಲೆ ಬಂದವರು. ರೇಡಿಯೋ ಎರಡು ನಿಮಿಷದಲ್ಲಿ ಸರಿಯಾದರೂ ಗಿರಾಕಿಯ ಮುಂದೆ ಇಪ್ಪತ್ತು ನಿಮಿಷ ಬೆಸುಗೆ ಕಡ್ಡಿ ಹಿಡಿದು ಹೊಗೆ ಎಬ್ಬಿಸುತ್ತಿದ್ದರಂತೆ. ಅವರು ನನಗೆ ಹೇಳಿಕೊಟ್ಟ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ.

"ಲೋ ಮಾದೇವ, ಕೆಲ್ಸ ಮಾಡುದ್ರ ಸಾಲ್ದು ಕಣ್ಲಾ. ಕೆಲ್ಸ ಕಾಣ್ಬೇಕು."

ಕಂಪ್ಯೂಟರ್ ಬಂದಾಗ ಈ ಕಾಣುವ ಕೆಲಸಕ್ಕೆ ಒಂದು ಒಳ್ಳೆಯ ಸಾಧನ ಸಿಕ್ಕಿತು. ಅದು ಡಿಫ್ರ್ಯಾಗ್. ಆಗಿನ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತಿತ್ತು, ಅದರ ಮೇಲೆ ಒಂದು ಮುಳ್ಳು ಓಡಾಡುತ್ತಿತ್ತು. ಒಂದೇ ಫೈಲಿನ ಚೂರುಗಳು ಹತ್ತು ಕಡೆ ಚೆದುರಿಕೊಂಡಿದ್ದರೆ ಮುಳ್ಳು ಹತ್ತು ಕಡೆ ಅಲೆದು ತರಬೇಕು, ಆದ್ದರಿಂದ ಕಂಪ್ಯೂಟರ್ ನಿಧಾನ. ಚೂರುಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟರೆ ವೇಗ. ಆ ಜೋಡಿಸುವ ಕೆಲಸವೇ ಡಿಫ್ರ್ಯಾಗ್. ಯಜಮಾನರು ಎಲ್ಲಿಂದಲೋ ಒಂದು ಸಿ.ಡಿ. ತಂದಿದ್ದರು. ಅದರಲ್ಲಿದ್ದ ಪ್ರೋಗ್ರಾಂ ಓಡಿಸಿದರೆ ಪರದೆಯ ತುಂಬಾ ಕೆಂಪು, ನೀಲಿ, ಹಳದಿ ಚೌಕಗಳು ಮೂಡಿ, ಒಂದೊಂದಾಗಿ ಎದ್ದು ಹೋಗಿ ಸಾಲಿನಲ್ಲಿ ಕೂರುತ್ತಿದ್ದವು. ಅದೇ ಪ್ರೋಗ್ರಾಮು ಖಾಲಿ ಜಾಗವನ್ನೂ ಬಿಡದೆ, ಅಲ್ಲೆಲ್ಲ ಸೊನ್ನೆ ಬರೆದು ತೊಳೆದುಬಿಡುತ್ತಿತ್ತು. ಗಿರಾಕಿಗಳು ಟೀವಿ ನೋಡಿದ ಹಾಗೆ ಬಾಯಿ ತೆರೆದು ನೋಡುತ್ತಿದ್ದರು. "ಏನ್ ಅಚ್ಚುಕಟ್ಟಾಗಿ ಜೋಡುಸ್ತಾ ಅದ ನೋಡ್ಲಾ" ಎಂದು ಪಕ್ಕದವನ ಪಕ್ಕೆ ತಿವಿಯುತ್ತಿದ್ದರು. ಅದನ್ನು ನೋಡಲೆಂದೇ ಬರುವವರೂ ಇದ್ದರು.

ಹಾರ್ಡ್ ಡಿಸ್ಕಿಗೆ ಇನ್ನೊಂದು ಸದ್ಗುಣ ಇತ್ತು. ಸಾಯುವ ಮುಂಚೆ ಹೇಳಿ ಸಾಯುತ್ತಿತ್ತು. ಕಟ್ ಕಟ್ ಎಂದು ಸದ್ದು ಮಾಡುತ್ತಿತ್ತು. ಸ್ಕ್ರೂ ಡ್ರೈವರಿನ ತುದಿಯನ್ನು ಡಿಸ್ಕಿಗೆ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ, "ಇನ್ನು ಒಂದು ತಿಂಗಳು" ಎಂದು ನಾನು ಹೇಳಿದರೆ ಅದು ಒಂದು ತಿಂಗಳೇ. ನಾಡಿ ನೋಡುವ ವೈದ್ಯನ ಗತ್ತು ನನಗೆ ಬಂದಿತ್ತು.

ಆ ಗತ್ತನ್ನು ಇಳಿಸಿದ್ದು ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದ ಎಸ್‌ಎಸ್‌ಡಿ. ಇದರಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಸದ್ದೂ ಇಲ್ಲ. ಬರೀ ಮೆಮೊರಿ ಚಿಪ್‌ಗಳು. ಹತ್ತು ನಿಮಿಷಕ್ಕೆ ಶುರುವಾಗುತ್ತಿದ್ದ ಹಳೇ ಲ್ಯಾಪ್‌ಟಾಪಿಗೆ ಇದನ್ನು ಹಾಕಿದರೆ ಗಿರಾಕಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಶುರುವಾಗುತ್ತಿತ್ತು. ಯಜಮಾನರಿಗೆ ಅದೇ ಚಿಂತೆ. "ಇಷ್ಟ್ ಬಿರ್ನ ಆಗ್ಬುಟ್ರ ನಮ್ಗ್ಯಾಕ್ಲಾ ಕಾಸ್ ಕೊಟ್ಟಾರು?" ಎನ್ನುತ್ತಿದ್ದರು.

ನಾನು ಹಾಕಿದ ಮೊದಮೊದಲ ಎಸ್‌ಎಸ್‌ಡಿಗಳಲ್ಲಿ ಒಂದು ಸಂತೆಮರಹಳ್ಳಿಯ ಗೊಬ್ಬರದಂಗಡಿ ಚನ್ನಬಸಪ್ಪನವರದು. ಹಳೆಯ ಡಿಸ್ಕನ್ನೂ ಹೊಸದನ್ನೂ ಎರಡು ಕೈಯಲ್ಲಿ ತೂಗಿ ನೋಡಿದರು. ಚೀಲ ತೂಗಿ ತೂಗಿ ಪಳಗಿದ ಕೈ. "ಇದ್ರಲ್ಲಿ ಏನೂ ಇಲ್ಲ" ಎಂದರು. ಇದೆ ಎಂದೆ. ಬಿಚ್ಚಿ ತೋರಿಸು ಎಂದರು. ಹೊಸದನ್ನು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂದೆ. ಕೇಳಲಿಲ್ಲ, ಬಿಚ್ಚಿದೆ. ಅಂಗೈ ಅಗಲದ ಡಬ್ಬಿಯೊಳಗೆ ಬಿಸ್ಕತ್ತಿನಷ್ಟು ಚಿಕ್ಕ ಹಲಗೆ, ಮಿಕ್ಕ ಮುಕ್ಕಾಲು ಭಾಗ ಖಾಲಿ. ಅದು ಇರುವುದೇ ಹಾಗೆ. ಹಳೆಯ ಡಿಸ್ಕಿನ ಜಾಗದಲ್ಲಿ ಕೂರಲಿ ಎಂದು ಡಬ್ಬಿ ದೊಡ್ಡದು ಮಾಡಿರುತ್ತಾರೆ. ಚನ್ನಬಸಪ್ಪನವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು.

"ಮಿಕ್ಕಿದ್ದ ತುಂಬ್ಸ್ಕಬಾ ಓಗು" ಎಂದರು.

ಅವತ್ತು ನಾನು ಸಂತೆಯ ಬಸ್ಸಿನಲ್ಲಿ ನಿಂತುಕೊಂಡು ಚಾಮರಾಜನಗರಕ್ಕೆ ವಾಪಸು ಬಂದೆ. ಮಾರನೇ ದಿನ ಅದೇ ಎಸ್‌ಎಸ್‌ಡಿಯನ್ನು ಡಬ್ಬಿ ಮುಚ್ಚಿ, ಸ್ಟಿಕ್ಕರ್ ಅಂಟಿಸಿ, "ತುಂಬಿಸಿದೆ" ಎಂದು ಹೇಳಿ ಕೊಟ್ಟೆ. ಅವರು ಮತ್ತೆ ತೂಗಿ ನೋಡಿ, "ಈಗ ವಾಸಿ" ಎಂದರು.

ಇನ್ನೊಬ್ಬ ಚಂದಕವಾಡಿಯ ಶಿವರುದ್ರ, ಮದುವೆ ಕಾಗದ ಅಚ್ಚು ಹಾಕುವವನು. ಅವನ ದೂರು ಏನೆಂದರೆ ಎಸ್‌ಎಸ್‌ಡಿ ಹಾಕಿಸಿದ ಹೊಸತರಲ್ಲಿ ಜಿಂಕೆ, ಎರಡು ವರ್ಷಕ್ಕೆ ಎಮ್ಮೆ. ತೆಗೆದು ನೋಡಿದೆ. ಒಂದು ಕಾಳು ಹಾಕಲೂ ಜಾಗ ಇಲ್ಲ. ಕಾರ್ಡಿನ ಡಿಸೈನಿಗಿಂತ ಧಾರಾವಾಹಿಗಳೇ ಹೆಚ್ಚು. ಹುಡುಗರೇ, ಇದನ್ನು ನೀವು ಗಿರಾಕಿಗೆ ಹೇಳಲೇಬೇಕಾಗುತ್ತದೆ, ಹೇಳುವ ಬಗೆ ಕಲಿಯಿರಿ. ಎಸ್‌ಎಸ್‌ಡಿ ಬರೆದದ್ದರ ಮೇಲೆ ಹಾಗೇ ಬರೆಯುವುದಿಲ್ಲ. ಒಂದು ಕೋಣೆಯಲ್ಲಿ ಬೇಕಾದ್ದೂ ಬೇಡವಾದ್ದೂ ಕಲಸಿಕೊಂಡಿದ್ದರೆ, ಬೇಕಾದ್ದನ್ನು ಪಕ್ಕಕ್ಕೆ ಸಾಗಿಸಿ, ಕೋಣೆ ಪೂರ್ತಿ ತೊಳೆದು, ಆಮೇಲೆ ಬರೆಯುತ್ತದೆ. ಪಕ್ಕದಲ್ಲಿ ಜಾಗವೇ ಇಲ್ಲದಿದ್ದರೆ? ನಾನು ಶಿವರುದ್ರನಿಗೆ ಹೇಳಿದ್ದು ಹೀಗೆ: "ಸಂತೆ ದಿವ್ಸದ ಬಸ್ಸಲ್ಲಿ ಹಿಂದಗಡೆಯವ್ನು ಇಳಿಬೇಕು ಅಂದ್ರ ಮುಂದಿರೋರೆಲ್ಲ ಇಳ್ದು ಹತ್ಬೇಕಲ್ವ, ಅಂಗ." ಐದರಲ್ಲಿ ಒಂದು ಪಾಲು ಖಾಲಿ ಬಿಡು ಎಂದೆ. "ನಾ ದುಡ್ ಕೊಟ್ಟಿರ ಜಾಗವ ಖಾಲಿ ಬುಡಾದಾ? ಸೈಟ್ ತಕ್ಕಂಡು ಬೇಲಿ ಹಾಕಿ ಸುಮ್ನ ಕೂತ್ಕಂಡಂಗ ಆಯ್ತು" ಎಂದ. ಆದರೂ ಧಾರಾವಾಹಿ ಅಳಿಸಿದ. ಅಳಿಸಿದ ಮೇಲೆ ಮತ್ತೆ ಜಿಂಕೆ ಎನ್ನಲಾರೆ, ಮೇಕೆ ಅಂತೂ ಆಯಿತು.

ಆಯುಧಪೂಜೆಯ ಮಾರನೇ ದಿನ ಬರುವ ಕೇಸುಗಳು ಬೇರೆ. ಗಾಳಿ ಆಡುವ ಸಂದಿಯೊಳಗೆ ವಿಭೂತಿ, ಕೀಲಿಮಣೆಯ ಸಂದಿಯಲ್ಲಿ ಅಕ್ಷತೆ. ಒಳಗೆ ಕಾವು ಹೆಚ್ಚಿದರೆ ಎಸ್‌ಎಸ್‌ಡಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಗಿರಾಕಿ "ಪೂಜೆ ಮಾಡುದ್ ಮ್ಯಾಲೆ ಸ್ಲೋ ಆಗದ" ಎನ್ನುತ್ತಾನೆ. ದೇವರ ಮೇಲೆ ತಪ್ಪು ಹೊರಿಸಲು ಆಗದು, ಕುಂಚ ತೆಗೆದುಕೊಂಡು ಸುಮ್ಮನೆ ಗುಡಿಸಿ ಕೊಡಬೇಕು.

ಗುಡಿಸುವುದು ಎಂದೆನಲ್ಲ, ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಡಿಫ್ರ್ಯಾಗ್ ತಿರುಗುವ ಡಿಸ್ಕಿಗೆ ಔಷಧಿ, ಎಸ್‌ಎಸ್‌ಡಿಗೆ ಸವೆತ. ಎಸ್‌ಎಸ್‌ಡಿಗೆ ಚೂರು ಎಲ್ಲಿದ್ದರೂ ಒಂದೇ, ಅಲೆದಾಡುವ ಮುಳ್ಳೇ ಇಲ್ಲವಲ್ಲ. ಆದರೆ ಪ್ರತಿ ಸಲ ಬರೆದಾಗಲೂ ಅದರ ಆಯಸ್ಸು ಒಂದು ಗುಲಗಂಜಿ ಕಡಿಮೆಯಾಗುತ್ತದೆ. ಓದಿದರೆ ಇಲ್ಲ ಎನ್ನುವಷ್ಟು ಕಡಿಮೆ, ಬರೆದರೆ ಸವೆಯುತ್ತದೆ. ಇದನ್ನು ನನಗೆ ಮೊದಲು ಹೇಳಿದವನು ಗಡಿಯಾಚೆ ಕೇರಳದ ಬತ್ತೇರಿಯಿಂದ ಬಿಡಿಭಾಗ ತಂದು ಕೊಡುತ್ತಿದ್ದ ವರ್ಗೀಸ್. ಒಂದು ದಿನ ನನ್ನ ಮೇಜಿನ ಮೇಲೆ ಬಣ್ಣದ ಚೌಕಗಳು ಓಡುವುದನ್ನು ನೋಡಿ ನಿಂತ.

"ಅಣ್ಣಾ, ಇದು ಎಸ್‌ಎಸ್‌ಡಿ ಅಲ್ಲವಾ? ಒಳಗೆ ಚಕ್ರ ಇಲ್ಲ. ಮತ್ತೆ ನೀವು ಏನನ್ನು ಸಾಲು ಮಾಡುವುದು?"

"ಗಿರಾಕಿಗೆ ಸಮಾಧಾನ" ಎಂದೆ.

"ಗಿರಾಕಿಗೆ ಸಮಾಧಾನ, ಡಿಸ್ಕಿಗೆ ಸಮಾಧಿ" ಎಂದು ನಕ್ಕು ಚಹಾ ಕುಡಿದು ಹೋದ. ಮಲಯಾಳಿಗಳು ಎಲ್ಲವನ್ನೂ ದೊಡ್ಡದು ಮಾಡಿ ಹೇಳುತ್ತಾರೆ ಎಂದುಕೊಂಡೆ. ಅಪರೂಪಕ್ಕೆ ಒಂದು ಸಲ ಓಡಿಸಿದರೆ ಏನೂ ಆಗುವುದಿಲ್ಲ ಎಂಬುದು ನಿಜವೂ ಹೌದು. ಆದರೆ ಮಂಗಳ ಟೀಚರಿಗೆ ನಾನು ವಿಶೇಷ ಸೇವೆ ಮಾಡಿದ್ದೆ.

ಮಂಗಳ ಟೀಚರು ಹಂಗಳದ ಆಚೆಗೆ, ಕಾಡಿನ ಅಂಚಿನ ಒಂದು ಊರಿನ ಸರ್ಕಾರಿ ಶಾಲೆಯವರು. ಅವರದೊಂದು ಪದ್ಧತಿ. ಒಂದನೇ ಕ್ಲಾಸಿನ ಮಗು ಮೊದಲ ಸಲ ಒಂದು ಪೂರ್ತಿ ಸಾಲನ್ನು ತಾನೇ ಓದಿದ ದಿನ ಆ ದನಿಯನ್ನು ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಡುತ್ತಿದ್ದರು. ಅದೇ ಮಗು ಏಳನೇ ಕ್ಲಾಸು ಮುಗಿಸಿ ಹೊರಡುವ ದಿನ ಎಲ್ಲರ ಮುಂದೆ ಕೇಳಿಸುತ್ತಿದ್ದರು. ಮೀಸೆ ಚಿಗುರುತ್ತಿರುವ ಹುಡುಗ ತನ್ನದೇ ಗುಬ್ಬಿ ದನಿ ಕೇಳಿ ನಾಚಿಕೊಳ್ಳುವುದು, ಬಂದ ತಾಯಂದಿರು ಸೆರಗು ಕಣ್ಣಿಗೆ ಒತ್ತಿಕೊಳ್ಳುವುದು. ಕೇಳಿಸಿದ ಮೇಲೆ ಮನೆಯವರ ಫೋನಿಗೆ ಕಳಿಸಿ, ಲ್ಯಾಪ್‌ಟಾಪಿನಿಂದ ಅಳಿಸುತ್ತಿದ್ದರು. ಹಾಗಾಗಿ ಅದರೊಳಗೆ ಯಾವಾಗಲೂ ಏಳು ಕ್ಲಾಸಿನ ಮಕ್ಕಳ ದನಿ ಇರುತ್ತಿತ್ತು.

ಆ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿದವನು ನಾನು. ಹಾಕಿದ ದಿನ ಟೀಚರು, "ಮಾದೇವಣ್ಣ, ಇದ್ರಲ್ಲಿ ನನ್ ಮಕ್ಳವೆ ಕಣಪ್ಪ, ಜ್ವಾಪಾನ" ಎಂದಿದ್ದರು. ನನಗೆ ಅಭಿಮಾನ ಉಕ್ಕಿತು. ಬೇರೆಯವರಿಗೆ ಆರು ತಿಂಗಳಿಗೊಮ್ಮೆ ಮಾಡುವ ಶುಚಿ ಇವರಿಗೆ ದಿನಾ ಆಗಲಿ ಎಂದು, ಲ್ಯಾಪ್‌ಟಾಪ್ ಹಾಕಿದ ಕೂಡಲೇ ಆ ಪ್ರೋಗ್ರಾಂ ತಾನಾಗಿ ಓಡುವ ಹಾಗೆ ಮಾಡಿಟ್ಟೆ. "ಬೆಳಿಗ್ಗೆ ಎದ್ದು ಬಾಗ್ಲು ಗುಡಿಸಿ ನೀರು ಹಾಕಿದ ಹಾಗೆ ಮೇಡಂ, ದಿನಾ ತಾನೇ ಗುಡಿಸಿಕೊಳ್ಳುತ್ತೆ. ಇನ್ನು ನಿಮಗೆ ಯಾವ ಚಿಂತೆಯೂ ಬೇಡ" ಎಂದೆ. ಗುಡಿಸಿದ್ದೇನೋ ನಿಜ. ಏಳು ವರ್ಷ, ಶಾಲೆ ಇದ್ದ ಪ್ರತಿ ದಿನ, ಪ್ರಾರ್ಥನೆ ಮುಗಿಯುವವರೆಗೂ ಅದು ಚೌಕ ಜೋಡಿಸಿತು, ಖಾಲಿ ಜಾಗ ತೊಳೆಯಿತು, ಬರೆಯಿತು, ಅಳಿಸಿತು. ಬೇಜವಾಬ್ದಾರಿ ಗಿರಾಕಿಗಳ ಎಸ್‌ಎಸ್‌ಡಿಗಳು ಇವತ್ತಿಗೂ ಓಡುತ್ತಿವೆ. ಸವೆದದ್ದು ಹೇಳಿದ ಹಾಗೆ ಕೇಳಿದ ಟೀಚರದು.

ನಾನು ನಿವೃತ್ತನಾಗುವ ವರ್ಷ. ಶಾಲೆಯ ಬೀಳ್ಕೊಡುಗೆಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಟೀಚರು ಮೆಟ್ಟಿಲು ಹತ್ತಿ ಬಂದರು. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು.

"ಶುರುವೇ ಆಗ್ತಿಲ್ಲ ಮಾದೇವಣ್ಣ. ನಾಳೆ ಹತ್ತೊಂಬತ್ತು ಮಕ್ಳು ಕಾಯ್ತವೆ. ಏಳು ವರ್ಷದಿಂದ ಕಾಯ್ತಾ ಅವೆ."

ಕುರ್ಚಿ ಕೊಟ್ಟೆ, ಫ್ಯಾನ್ ಹಾಕಿದೆ. ಎಸ್‌ಎಸ್‌ಡಿ ತೆಗೆದು ತಂತಿಯಲ್ಲಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಏನೂ ಕಾಣಲಿಲ್ಲ. ಸ್ಕ್ರೂ ಡ್ರೈವರು ಕಿವಿಗಿಟ್ಟು ಕೇಳಲು ಸದ್ದೂ ಇಲ್ಲ. ಇಂಥ ಹೊತ್ತಿಗೆ ಒಂದು ಉಪಾಯ ಇದೆ. ಎಸ್‌ಎಸ್‌ಡಿಗೆ ಬರೀ ಕರೆಂಟು ಕೊಟ್ಟು, ಏನೂ ಕೇಳದೆ ಅರ್ಧ ಗಂಟೆ ಬಿಡುವುದು. ತೆಗೆಯುವುದು, ಮತ್ತೆ ಕೊಡುವುದು. ಒಮ್ಮೊಮ್ಮೆ ಸುಧಾರಿಸಿಕೊಂಡು ಎದ್ದು ಕೂರುತ್ತದೆ. ಎರಡನೆಯ ಸಲಕ್ಕೆ ಪರದೆಯ ಮೇಲೆ ಹೆಸರು ಮೂಡಿತು. ಟೀಚರು ಕೈ ಮುಗಿದರು.

ನೋಡಿದರೆ ಎಸ್‌ಎಸ್‌ಡಿ ತನ್ನೊಳಗೇ ಬರೆದಿಟ್ಟುಕೊಳ್ಳುವ ಆಯಸ್ಸಿನ ಲೆಕ್ಕದಲ್ಲಿ ಸೊನ್ನೆ ಉಳಿದಿತ್ತು. ಇನ್ನು ಒಂದಕ್ಷರ ಬರೆಸಿಕೊಳ್ಳುವುದಿಲ್ಲ, ಇರುವುದನ್ನು ಓದಲು ಮಾತ್ರ ಬಿಡುತ್ತದೆ. ಈ ಸ್ಥಿತಿಯಲ್ಲಿ ಒಂದು ಸಲ ಕರೆಂಟು ತಪ್ಪಿದರೆ ಮತ್ತೆ ಏಳುತ್ತದೆಂಬ ನಂಬಿಕೆ ಇಲ್ಲ. ಅದರಲ್ಲೇ ನನ್ನ ಪ್ರೋಗ್ರಾಮಿನ ಹೆಸರು ಕಂಡಿತು, ಅದು ಎಷ್ಟು ಸಲ ಓಡಿದೆ ಎಂಬುದೂ ಕಂಡಿತು. ವರ್ಗೀಸ್ ನಕ್ಕಿದ್ದು ನೆನಪಾಯಿತು.

"ಯಾಕಪ್ಪ ಇಂಗಾಯ್ತು?" ಎಂದರು ಟೀಚರು.

"ಕಂಪನಿ ಮಾಲೇ ಸರಿಯಿಲ್ಲ ಮೇಡಂ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಸುಬಿನಲ್ಲಿ ಈ ಗಾದೆಯನ್ನು ದಿನಕ್ಕೆ ನಾಲ್ಕು ಸಲ ಬಳಸುತ್ತೇವೆ. ಅವತ್ತು ಮಾತ್ರ ಹೇಳಿದ ಮೇಲೆ ನಾಚಿಕೆಯಾಯಿತು.

ಏಳನೇ ಕ್ಲಾಸಿನವರದನ್ನು ಮೊದಲು ನಕಲು ಮಾಡಲು ಹಾಕಿದೆ. ಒಮ್ಮೆ ಸಾಲಿಗೆ ಕೂತ ಮೇಲೆ ಸವೆದ ಚಿಪ್‌ನಲ್ಲಿ ವರ್ಷಗಟ್ಟಲೆ ಕದಲದೆ ಬಿದ್ದಿದ್ದನ್ನು ಎಸ್‌ಎಸ್‌ಡಿ ತಡವರಿಸಿ ಓದುತ್ತದೆ, ತಪ್ಪಿದರೆ ಮತ್ತೆ ಮತ್ತೆ ಓದುತ್ತದೆ. ಅರ್ಧ ನಿಮಿಷದ ದನಿಗೆ ಹತ್ತು ನಿಮಿಷ ಬೇಕಾಯಿತು. ಎರಡು ಮಕ್ಕಳು ಬಂದವು, ಮೂರನೆಯದು ಬರುತ್ತಿದೆ, ಅಷ್ಟರಲ್ಲಿ ಫ್ಯಾನು ನಿಂತಿತು. ಲೈನ್ ದುರಸ್ತಿ, ಸಂಜೆಯವರೆಗೂ ಕರೆಂಟು ಇಲ್ಲ ಎಂದು ಪೇಪರಿನಲ್ಲಿ ಹಾಕಿದ್ದರಂತೆ. ಪೇಪರನ್ನು ನಾನು ಹಿಂದಿನ ದಿನವೇ ಬೋಂಡ ಕಟ್ಟಲು ಕೊಟ್ಟಿದ್ದೆ. ನನ್ನ ಯುಪಿಎಸ್ ಕೂಗುವುದರಲ್ಲಿ ಮಾತ್ರ ಶೂರ. ಲ್ಯಾಪ್‌ಟಾಪಿನ ಬ್ಯಾಟರಿ ನಲವತ್ತು ನಿಮಿಷ.

ಕಿಟಕಿಯಿಂದ ನೋಡಿದೆ. ಎರಡು ರಸ್ತೆ ಆಚೆಗಿನ ಕಲ್ಯಾಣ ಮಂಟಪದಿಂದ ವಾಲಗದ ಸದ್ದು, ಅದರ ಜೊತೆ ಜನರೇಟರಿನ ಸದ್ದು ಕೇಳಿಸುತ್ತಿತ್ತು.

"ನಡೀರಿ ಮೇಡಂ, ಮದ್ವೆಗ್ ಹೋಗನ" ಎಂದೆ.

ನಾನು ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದೆ. ತಂತಿಯ ತುದಿಯಲ್ಲಿದ್ದ ಎಸ್‌ಎಸ್‌ಡಿಯನ್ನು ಟೀಚರು ಅಂಗೈಯಲ್ಲಿಟ್ಟುಕೊಂಡು ನನ್ನ ಪಕ್ಕಕ್ಕೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರು. ತಂತಿ ಒಂದು ಗೇಣು. ರಸ್ತೆಯಲ್ಲಿ ಒಬ್ಬ, "ಏನ್ಲಾ ಮಾದೇವ, ಸಪ್ತಪದಿಯಾ?" ಎಂದ. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯಿಂದ ಲ್ಯಾಪ್‌ಟಾಪನ್ನು ಪಾರು ಮಾಡುವಷ್ಟರಲ್ಲಿ ಪೇಟ ಸುತ್ತಿದ ಒಬ್ಬ ಯಜಮಾನರು ಅಡ್ಡ ಬಂದರು.

"ನೀವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

ಟೀಚರು, "ಕರೆಂಟಿನ ಕಡೆಯೋರು ಕಣಣ್ಣ" ಎಂದು ನಿಂತಲ್ಲೇ ವಿಷಯ ಪೂರ್ತಿ ಹೇಳಿದರು. ಪೇಟದ ಯಜಮಾನರು ಕೇಳಿಸಿಕೊಂಡು, "ಮಕ್ಳ ದನಿಯಾ? ಬನ್ನಿ ಬನ್ನಿ" ಎಂದು ಅಡುಗೆ ಮನೆಯ ಪಕ್ಕದ ಉಗ್ರಾಣಕ್ಕೆ ಕರೆದೊಯ್ದರು. ಈರುಳ್ಳಿ ಮೂಟೆಯ ಮೇಲೆ ಲ್ಯಾಪ್‌ಟಾಪ್, ಬಾಳೆ ಎಲೆಯ ಕಟ್ಟಿನ ಮೇಲೆ ಟೀಚರು, ನೆಲದ ಮೇಲೆ ನಾನು. ಯಾರೂ ಪ್ಲಗ್ಗು ಕೀಳದ ಹಾಗೆ ಒಬ್ಬ ಅಡುಗೆಯವರನ್ನು ಕಾವಲಿಗೂ ಇಟ್ಟರು. ಎರಡನೆಯ ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಹೋಗಿ ಊಟ ಮಾಡಿಕೊಂಡು ಬಂದೆವು. ಆ ಮದುಮಕ್ಕಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಚೆನ್ನಾಗಿರಲಿ.

ಮಧ್ಯಾಹ್ನ ಎರಡರ ಹೊತ್ತಿಗೆ ಹದಿನೆಂಟು ಬಂದಿದ್ದವು. ಹತ್ತೊಂಬತ್ತನೆಯದು ಅರ್ಧಕ್ಕೆ ಸಿಕ್ಕಿಕೊಂಡಿತು. ಇಪ್ಪತ್ತು ನಿಮಿಷ ಆದರೂ ಕದಲಲಿಲ್ಲ.

"ಮೇಡಂ, ಇದನ್ನೇ ಹಿಡಿದು ಎಳೆದರೆ ಡಿಸ್ಕು ಪೂರ್ತಿ ಹೋಗಬಹುದು. ಇನ್ನೂ ಆರು ಕ್ಲಾಸಿನ ಮಕ್ಕಳದು ಅದರಲ್ಲೇ ಇದೆ. ಬಿಟ್ಟು ಮುಂದೆ ಹೋಗಲಾ?"

"ಯಾರ್ದು ಅದು?"

"ಭೂಮಿಕ ಅಂತಿದೆ."

ಟೀಚರು ಕಣ್ಣು ಮುಚ್ಚಿಕೊಂಡರು. ಹೊರಗೆ ಯಾರಿಗೋ ಸಾರು ಸಾಲದೆ ಕೂಗಾಡುತ್ತಿದ್ದರು. "ಒಬ್ಳಿಗೋಸ್ಕರ ನೂರು ಮಕ್ಳನ್ನ ಕಳ್ಕೊಳ್ಳೋಕಾಗಲ್ಲ. ಮುಂದ್ಕೆ ಓಗಿ" ಎಂದರು. ನಾನು ತಲೆ ತಗ್ಗಿಸಿ ಮುಂದಿನದನ್ನು ಹಾಕಿದೆ. ಈಚಿನವು ಬೇಗ ಬೇಗ ಬಂದವು. ಐದಕ್ಕೆ ಎಲ್ಲ ಮುಗಿಯಿತು. ಆಮೇಲೆ ಭೂಮಿಕಳದಕ್ಕೆ ಮತ್ತೆ ಕೈ ಹಾಕಿದೆ. ಎರಡು ಸಲ ಸಿಕ್ಕಿಕೊಂಡಿತು, ಮೂರನೆಯ ಸಲ ಡಿಸ್ಕೇ ಪರದೆಯಿಂದ ಮಾಯವಾಯಿತು. ಆಮೇಲೆ ಅದು ಎಂದೂ ಏಳಲಿಲ್ಲ.

"ನಾಳೆ ಆ ಮಗೀಗೆ ಏನ್ ಹೇಳ್ಳಿ?" ಎಂದರು ಟೀಚರು. ನನ್ನನ್ನು ಕೇಳಿದ್ದಲ್ಲ, ಆದರೆ ನನಗೆ ತಾಕಿತು.

ಮಾರನೇ ದಿನ ನಾನೂ ಶಾಲೆಗೆ ಹೋದೆ. ಏಳನೇ ಕ್ಲಾಸಿನವರು ಒಂದು ಸಾಲಿನಲ್ಲಿ ಕುಳಿತಿದ್ದರು, ಹಿಂದೆ ಅಪ್ಪ ಅಮ್ಮಂದಿರು. ಸ್ಪೀಕರಿನಿಂದ ಒಂದೊಂದೇ ದನಿ ಬಂತು. "ಬಸವನು... ಬಾವಿಯ... ನೀರು... ತಂದನು." ನಗು, ಚಪ್ಪಾಳೆ, ನಾಚಿಕೆ. ಹದಿನೆಂಟು ಮುಗಿದವು. ಎರಡು ಜಡೆಯ, ಉದ್ದನೆಯ ಒಬ್ಬಳು ಹುಡುಗಿ ಮಾತ್ರ ತೊಡೆಯ ಮೇಲೆ ಕೈ ಬಿಗಿ ಹಿಡಿದು ಸ್ಪೀಕರನ್ನೇ ನೋಡುತ್ತಿದ್ದಳು. ಟೀಚರು ಎದ್ದು ನಿಂತು, "ಭೂಮಿಕ, ನಿಂದು... ಮಿಷನ್ ಕೆಟ್ಟೋಗಿ..." ಎಂದು ಶುರುಮಾಡಿದರು.

ಅಷ್ಟರಲ್ಲಿ ನಾನೂ ಎದ್ದೆ. ಮೂವತ್ತಮೂರು ವರ್ಷ ಕಂಪನಿಯ ಮೇಲೆ, ಕರೆಂಟಿನ ಮೇಲೆ, ಇಲಿಯ ಮೇಲೆ ಹಾಕಿಕೊಂಡು ಬಂದವನು ನಾನು. ಅವತ್ತು ಆ ಮಗುವಿನ ಮುಖ ನೋಡಿ ನನ್ನಿಂದ ಆಗಲಿಲ್ಲ.

"ಮಿಷನ್ ಕೆಡಲಿಲ್ಲ ಕಣಮ್ಮ, ನಾನು ಕೆಡಿಸಿದೆ" ಎಂದೆ. "ಬೇಡದಿದ್ದರೂ ದಿನಾ ಗುಡಿಸುವ ಹಾಗೆ ಮಾಡಿಟ್ಟು ಸವೆಸಿಬಿಟ್ಟೆ. ಬೇಡ ಅಂತ ಒಬ್ಬರು ಹೇಳಿದ್ದರು, ನಾನು ಕೇಳಲಿಲ್ಲ. ಟೀಚರಿಗೆ ನಿನ್ನೆ ಸುಳ್ಳು ಹೇಳಿದೆ. ನಿನ್ನ ದನಿ ಕಳೆದವನು ನಾನೇ."

ಮಂಗಳ ಟೀಚರು ನನ್ನನ್ನು ನೋಡಿದ ನೋಟ ಬರೆಯಲು ಬರುವುದಿಲ್ಲ. ಹುಡುಗಿ ಮೆಲ್ಲಗೆ ಎದ್ದು ನಿಂತಳು. ಅಳುತ್ತಾಳೆ ಎಂದುಕೊಂಡೆ.

"ಬುಡಿ ಸಾ" ಎಂದಳು. "ಓಗಿದ್ದೇ ಒಳ್ಳೇದಾಯ್ತು. ನಾನು ಅವತ್ತು ಓದೇ ಇರ್ನಿಲ್ಲ."

"ಏನಂದೆ?" ಎಂದರು ಟೀಚರು.

"ನಂಗ ಆಗ ಓದಕ ಬತ್ತಿರ್ನಿಲ್ಲ ಟೀಚರ್. ನಮ್ಮಕ್ಕ ಆ ಸಾಲ ಮನೇಲಿ ಹೇಳ್ಕೊಟ್ಟಿದ್ಳು. ಬಾಯಿಪಾಠ ಮಾಡ್ಕಬಂದು, ಪುಸ್ಕ ಹಿಡ್ಕಂಡು ಎಲ್ಲೂ ತಡೀದೆ ಗಿಣಿ ಅಂಗ ಒಪ್ಪುಸ್ಬುಟ್ಟಿ. ನೀವು ಎತ್ಕಂಡು ಮುದ್ದಾಡುದ್ರಿ, ಆಮ್ಯಾಕ ಎಂಗ್ ಹೇಳದು? ಇವತ್ತು ಅದ ಕೇಳುಸ್ಬುಟ್ರ ಎಲ್ಲಾರ್ಗೂ ಗೊತ್ತಾಯ್ತದ ಅಂತ ರಾತ್ರಿಯೆಲ್ಲ ನಿದ್ದ ಬಂದಿಲ್ಲ."

ಆಮೇಲೆ ಸಾಲಿನ ಕೊನೆಯಲ್ಲಿದ್ದ ಒಬ್ಬ ಹುಡುಗ ಕೈ ಎತ್ತಿದ. "ನಾನೂ ಅಂಗೇಯ ಟೀಚರ್." ಅವನ ಹಿಂದೆಯೇ ಇನ್ನೆರಡು ಕೈ ಎದ್ದವು. ಚಪ್ಪಾಳೆ ಹೊಡೆದಿದ್ದ ಅಪ್ಪಂದಿರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಮನೆಯಲ್ಲಿ ಬಾಯಿಪಾಠದ ಟ್ಯೂಷನ್ ಕೊಟ್ಟು ಕಳಿಸಿದ್ದು ಅವರೇ ಇರಬೇಕು.

ಮಂಗಳ ಟೀಚರು ಮೇಜು ಹಿಡಿದುಕೊಂಡು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಎರಡೂ ಇತ್ತು. "ಏಳು ವರ್ಷ ನನ್ನ ಏಮಾರಿಸಿದ್ರಲ್ಲೋ ಕಳ್ಳ್‌ನನ್ ಮಕ್ಳಾ" ಎಂದರು. ನನ್ನ ಕಡೆ ತಿರುಗಿ, "ನೀವೂ ಸೇರ್ಕೊಳ್ಳಿ ಆ ಸಾಲಿಗೆ" ಎಂದರು. ನಾನು ಹೋಗಿ ಭೂಮಿಕಳ ಪಕ್ಕ ನಿಂತೆ. ನಿಜವಾಗಿ ನಿಂತೆ.

ಟೀಚರು ಬೀರುವಿನಿಂದ ಒಂದನೇ ಕ್ಲಾಸಿನ ಪುಸ್ತಕ ತೆಗೆದು ಕೊಟ್ಟರು. "ಈಗ ಓದು ಕಣಮ್ಮಿ." ಭೂಮಿಕ ಪುಸ್ತಕ ತೆಗೆದುಕೊಳ್ಳಲಿಲ್ಲ. ಅಲ್ಲೇ ಮೇಜಿನ ಮೇಲೆ ಮಿಠಾಯಿ ಕಟ್ಟಿ ತಂದಿದ್ದ ಪೇಪರಿತ್ತು. ಅದನ್ನು ನನ್ನ ಕೈಗೆ ಕೊಟ್ಟಳು.

"ನೀವೇ ತೋರ್ಸಿ ಸಾ, ಯಾವ್ ಸಾಲು ಅಂತ. ಟೀಚರ್ ಮತ್ತ ನಂಬಲ್ಲ."

ನಾನು ಕಣ್ಣು ಮುಚ್ಚಿ ಒಂದು ಕಡೆ ಬೆರಳಿಟ್ಟೆ. ಅದು ಮಳೆಯ ಸುದ್ದಿಯೋ ಎಲೆಕ್ಷನ್ ಸುದ್ದಿಯೋ ಈಗ ನೆನಪಿಲ್ಲ. ಅವಳು ಎಲ್ಲೂ ತಡೆಯದೆ, ಎಲ್ಲೂ ಹೆದರದೆ, ಅಂಕಣ ಮುಗಿಯುವವರೆಗೂ ಓದಿದಳು. ಸಾಕು ಎಂದು ಯಾರೂ ಹೇಳಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಅವಳು ಶುರುಮಾಡುವಾಗಲೇ ನನ್ನ ಫೋನಿನಲ್ಲಿ ರೆಕಾರ್ಡ್ ಒತ್ತಿದ್ದೆ. ಆ ದನಿ ಈಗ ಮೂರು ಕಡೆ ಇದೆ: ಅವಳ ಮನೆಯ ಫೋನಿನಲ್ಲಿ, ಮಂಗಳ ಟೀಚರ ಹೊಸ ಎಸ್‌ಎಸ್‌ಡಿಯಲ್ಲಿ ಮತ್ತು ನನ್ನ ಹತ್ತಿರ. ನನ್ನ ಹತ್ತಿರ ಇರುವುದನ್ನು ಆರು ತಿಂಗಳಿಗೊಮ್ಮೆ ಹಾಕಿ ಕೇಳುತ್ತೇನೆ. ಕೇಳುತ್ತೇನೆ ಅಷ್ಟೇ, ಮತ್ತೇನೂ ಮಾಡುವುದಿಲ್ಲ.